ಮೈಸೂರು ಸಂಸ್ಥಾನದ ಅಧಿಕಾರಿವರ್ಗ: ಅರ್ಹತೆ ಮತ್ತು ನ್ಯಾಯದ ಪ್ರಶ್ನೆ

ಒಂದು ರಾಜ್ಯದ ಯೋಗ್ಯತೆಯನ್ನು ಅದರ ಅರಮನೆ, ಅಣೆಕಟ್ಟು, ರಾಜಬೀದಿಗಳಿಂದ ಅಳೆಯುವುದು ಲೋಕರೂಢಿ. ಆದರೆ ಹಳ್ಳಿಯ ರೈತನಿಗೆ ರಾಜ್ಯವು ಕಾಣಿಸಿಕೊಳ್ಳುವುದು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ. ಅಲ್ಲಿ ಅವನ ಅರ್ಜಿಯನ್ನು ಯಾರು ಓದುತ್ತಾರೆ, ಎಷ್ಟು ದಿನಕ್ಕೆ ಓದುತ್ತಾರೆ, ಓದಿ ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ ಎಂಬುದರ ಮೇಲೆ ರಾಜ್ಯದ ಬಗೆಗೆ ಅವನ ಅಭಿಪ್ರಾಯ ನಿಲ್ಲುತ್ತದೆ. ಬಡತನದಿಂದ ಮೇಲೇಳಲು ಹವಣಿಸುವ ಯಾವುದೇ ನಾಡಿಗೆ ಬಂಡವಾಳ, ಯಂತ್ರ, ವಿದ್ಯೆಗಳಷ್ಟೇ ಅವಶ್ಯಕವಾದುದು ಸಮರ್ಥವೂ ನಿಷ್ಪಕ್ಷಪಾತಿಯೂ ಆದ ಅಧಿಕಾರಿವರ್ಗ. ಅಂಥದೊಂದು ವರ್ಗವನ್ನು ಕಟ್ಟಲು ಹಿಂದಿನ ಮೈಸೂರು ಸಂಸ್ಥಾನವು 1881ರಿಂದ 1947ರವರೆಗೆ ನಡೆಸಿದ ಪ್ರಯತ್ನವು ಭಾರತದ ಆಡಳಿತ ಚರಿತ್ರೆಯಲ್ಲಿ ಗಮನಾರ್ಹವಾದುದು. ಅದರ ಯಶಸ್ಸಿನಲ್ಲಿ ಪಾಠವಿದೆ. ಅದು ಎದುರಿಸಿದ ನೈತಿಕ ಸಂಕಟದಲ್ಲಿ ಇನ್ನೂ ದೊಡ್ಡ ಪಾಠವಿದೆ.

ಕ್ಷಾಮದ ನೆರಳಿನಲ್ಲಿ

1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಬ್ರಿಟಿಷರು ಐವತ್ತು ವರ್ಷಗಳ ಕಾಲ ಕಮಿಷನರುಗಳ ಮೂಲಕ ರಾಜ್ಯವನ್ನು ನಡೆಸಿದರು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಹಳೆಯ ದೇಶೀಯ ಪದ್ಧತಿಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ಅದನ್ನು ಕ್ರಮಕ್ಕೆ ತಂದರು. ಅವರ ತರುವಾಯ ಬಂದ ಬೌರಿಂಗರ ಕಾಲದಲ್ಲಿ ಇಲಾಖೆಗಳು ಬೆಳೆದವು, ನಿಯಮಗಳು ಹೆಚ್ಚಿದವು. ಅದರೊಡನೆ ದೊಡ್ಡ ಸಂಬಳದ ಯೂರೋಪಿಯನ್ ಅಧಿಕಾರಿಗಳ ಸಂಖ್ಯೆಯೂ ಹೆಚ್ಚಿತು. ಮೇಲಿನ ಹುದ್ದೆಗಳು ಅವರ ಪಾಲಿಗೆ ಮೀಸಲಾಗಿ, ದೇಶೀಯರು ಅವರ ಕೈಕೆಳಗಿನ ಸಿಬ್ಬಂದಿಯಾಗಿ ಉಳಿದರು.

ಈ ವ್ಯವಸ್ಥೆಯ ಕಠಿಣ ಪರೀಕ್ಷೆ ನಡೆದದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳ ಹಿಂದೆ ಬರಿದಾದ ಹಟ್ಟಿಗಳೂ ಹಾಳುಬಿದ್ದ ಹೊಲಗಳೂ ಇವೆ. ಮಳೆ ಕೈಕೊಟ್ಟದ್ದು ಪ್ರಕೃತಿಯ ಮಾತು. ಆದರೆ ಎಲ್ಲಿ ಎಷ್ಟು ಧಾನ್ಯವಿದೆ, ಯಾವ ಊರಿನಲ್ಲಿ ಜನ ಸಾಯುತ್ತಿದ್ದಾರೆ ಎಂಬುದನ್ನು ಸಕಾಲದಲ್ಲಿ ತಿಳಿದು ಕಾರ್ಯಪ್ರವೃತ್ತವಾಗುವುದು ಆಡಳಿತದ ಮಾತು. ಹಳ್ಳಿಯನ್ನು ಬಲ್ಲ ಅಧಿಕಾರಿಗಳು ಇಲ್ಲದೆ ಮೇಲಿನ ಆಜ್ಞೆಗಳು ಎಷ್ಟಿದ್ದರೂ ಅನ್ನವಾಗಿ ಪರಿಣಮಿಸವು ಎಂಬ ಸತ್ಯವನ್ನು ಆ ಕ್ಷಾಮ ಕಲಿಸಿತು.

1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿ ದೊರೆತಾಗ ಬೊಕ್ಕಸ ಬರಿದಾಗಿತ್ತು; ಕ್ಷಾಮದ ಕಾಲದ ಸಾಲದ ಹೊರೆ ತಲೆಯ ಮೇಲಿತ್ತು. ದಿವಾನರಾದ ಸಿ. ರಂಗಾಚಾರ್ಲು ಅವರು ಆಡಳಿತದ ವೆಚ್ಚವನ್ನು ಬಿಗಿಹಿಡಿದು, ದೇಶೀಯ ಅಧಿಕಾರಿಗಳಿಗೆ ಹೊಣೆ ವಹಿಸುವ ಮಾರ್ಗ ಹಿಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಮೈಸೂರಿನಲ್ಲಿ ಸೇರಿಸಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೆ ದಸರೆಯ ಸಂದರ್ಭದಲ್ಲಿ ದಿವಾನರು ವರ್ಷದ ಆಯವ್ಯಯವನ್ನು ಅದರ ಮುಂದಿಡಬೇಕಾಗಿತ್ತು. ಸದಸ್ಯರು ತಮ್ಮ ತಾಲ್ಲೂಕುಗಳ ಕುಂದುಕೊರತೆಗಳನ್ನು ಬಹಿರಂಗವಾಗಿ ಹೇಳಬಹುದಾಗಿತ್ತು. ತನ್ನ ಕಚೇರಿಯ ನಡವಳಿಕೆ ವರ್ಷಕ್ಕೊಮ್ಮೆ ದಿವಾನರ ಸಮ್ಮುಖದಲ್ಲಿ ಪ್ರಸ್ತಾಪವಾಗಬಹುದೆಂಬ ಅರಿವು ಅಮಲ್ದಾರನಿಗೆ ಒಂದು ಅಂಕುಶವಾಯಿತು. ಅಧಿಕಾರಿವರ್ಗದ ಶಿಸ್ತಿಗೆ ಮೊದಲ ಆಧಾರ ಲೆಕ್ಕ ಒಪ್ಪಿಸುವ ಕರ್ತವ್ಯವೇ ಎಂಬುದನ್ನು ಇಲ್ಲಿ ಮನಗಾಣಬೇಕು.

ಪರೀಕ್ಷೆಯ ಪದ್ಧತಿ

ರಂಗಾಚಾರ್ಲು ಅವರು 1883ರಲ್ಲಿ ತೀರಿಕೊಂಡ ಮೇಲೆ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರು ಹದಿನೆಂಟು ವರ್ಷ ಆ ಪದವಿಯಲ್ಲಿದ್ದರು. ಕೋಲಾರದ ಚಿನ್ನದ ಗಣಿಗಳ ಬೆಳವಣಿಗೆ, ಶಿವನಸಮುದ್ರದ ವಿದ್ಯುದ್ಯೋಜನೆಯ ಆರಂಭ ಅವರ ಕಾಲದ ಪ್ರಸಿದ್ಧ ಕಾರ್ಯಗಳು. ಅಷ್ಟು ಪ್ರಸಿದ್ಧವಲ್ಲದಿದ್ದರೂ ಅಷ್ಟೇ ದೂರಗಾಮಿಯಾದ ಇನ್ನೊಂದು ಕಾರ್ಯವೆಂದರೆ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ. ಸ್ಪರ್ಧಾತ್ಮಕವಾದ ಆ ಪರೀಕ್ಷೆ ಮೊದಲಬಾರಿಗೆ 1891ರಲ್ಲಿ ನಡೆಯಿತು.

ಅದಕ್ಕೆ ಮುಂಚೆ ನೌಕರಿ ದೊರೆಯುತ್ತಿದ್ದದ್ದು ಬಹುಮಟ್ಟಿಗೆ ಪರಿಚಯದಿಂದ, ಶಿಫಾರಸಿನಿಂದ, ದೊಡ್ಡವರ ಕೃಪೆಯಿಂದ. ಕೃಪೆಯಿಂದ ಬಂದ ನೌಕರನು ಕೃಪೆ ತೋರಿದವನಿಗೆ ಋಣಿಯಾಗಿರುತ್ತಾನೆ, ಪ್ರಜೆಗೆ ಋಣಿಯಾಗಿರುವುದಿಲ್ಲ. ಪರೀಕ್ಷೆಯಿಂದ ಬಂದವನು ಯಾರ ಮನೆಯ ಬಾಗಿಲಿನಲ್ಲಿಯೂ ಕೈಕಟ್ಟಿ ನಿಂತವನಲ್ಲ. ಮೇಲಧಿಕಾರಿಯ ತಪ್ಪು ಆಜ್ಞೆಗೆ ವಿನಯದಿಂದಲೇ ಭಿನ್ನಾಭಿಪ್ರಾಯವನ್ನು ಕಡತದಲ್ಲಿ ಬರೆಯುವ ಧೈರ್ಯ ಅವನಿಗೆ ಬರುವುದು ಇದರಿಂದ. ಪರೀಕ್ಷಾಪದ್ಧತಿಯ ನಿಜವಾದ ಬೆಲೆ ಜಾಣರನ್ನು ಆರಿಸುವುದಕ್ಕಿಂತ ಹೆಚ್ಚಾಗಿ ಸ್ವತಂತ್ರರನ್ನು ಆರಿಸುವುದರಲ್ಲಿದೆ.

ಆರಿಸಿದ ಮೇಲೆ ತರಬೇತಿ. ಪ್ರೊಬೇಷನರ್ ಆಗಿ ಸೇರಿದ ಪದವೀಧರನು ಖಜಾನೆಯ ಲೆಕ್ಕ, ಮೋಜಣಿ, ಕಂದಾಯ, ಮ್ಯಾಜಿಸ್ಟ್ರೇಟ್ ಕೆಲಸಗಳನ್ನು ಕಲಿತು, ಅಸಿಸ್ಟೆಂಟ್ ಕಮಿಷನರ್ ಆಗಿ ಒಂದು ಉಪವಿಭಾಗದ ಹೊಣೆ ಹೊರುತ್ತಿದ್ದನು. ಅವನ ಕೆಳಗೆ ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕದಾರ, ಗ್ರಾಮಕ್ಕೆ ಪಟೇಲ ಮತ್ತು ಶಾನುಭೋಗ. ಕುರ್ಚಿಯಲ್ಲಿ ಕುಳಿತು ಆಳುವುದು ಆ ಕಾಲದ ಆದರ್ಶವಾಗಿರಲಿಲ್ಲ. ಸರ್ಕೀಟು ಹೊರಟು ಊರಿನ ಕೆರೆಯ ಏರಿ, ತೂಬು, ಶಾಲೆ, ಬಾವಿಗಳನ್ನು ನೋಡುವುದು, ಜಮಾಬಂದಿಯ ಸಮಯದಲ್ಲಿ ರೈತರ ಎದುರಿನಲ್ಲೇ ಲೆಕ್ಕ ಪರಿಶೀಲಿಸುವುದು ಕೆಲಸದ ಮುಖ್ಯ ಭಾಗವಾಗಿತ್ತು. ಪಟೇಲ ಶಾನುಭೋಗರ ಹುದ್ದೆಗಳು ವಂಶಪಾರಂಪರ್ಯವಾಗಿಯೇ ಉಳಿದಿದ್ದವೆಂಬುದನ್ನೂ ಮರೆಯಬಾರದು. ಮೇಲೆ ಪರೀಕ್ಷೆ, ತಳದಲ್ಲಿ ಹುಟ್ಟು, ಹೀಗೆ ಎರಡು ತತ್ತ್ವಗಳ ಮೇಲೆ ಆಡಳಿತ ನಿಂತಿತ್ತು. ಗ್ರಾಮಮಟ್ಟದ ಈ ವಂಶಪಾರಂಪರ್ಯವನ್ನು ಕೊನೆಗೊಳಿಸುವ ಶಾಸನ ಬಂದದ್ದು 1961ರಲ್ಲಿ.

ಈ ಸೇವೆಯಿಂದ ಬಂದ ಕೆಲವರ ಹೆಸರು ಕನ್ನಡಿಗರಿಗೆ ಆಡಳಿತಕ್ಕಿಂತ ಹೆಚ್ಚಾಗಿ ಸಾಹಿತ್ಯದಿಂದ ಪರಿಚಿತ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಬಡತನದಲ್ಲಿ ಓದಿ, 1914ರ ಸುಮಾರಿಗೆ ಸಿವಿಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಜಿಲ್ಲಾಧಿಕಾರಿಯ ಪದವಿಯವರೆಗೆ ಏರಿದರು. ತಮಗೆ ನ್ಯಾಯವಾಗಿ ಬರಬೇಕಾಗಿದ್ದ ಉನ್ನತ ಸ್ಥಾನ ಕಿರಿಯರಿಗೆ ಹೋದಾಗ 1943ರಲ್ಲಿ ರಾಜೀನಾಮೆ ಇತ್ತು ಹೊರಬಂದರು. ನವರತ್ನ ರಾಮರಾಯರು ತಾಲ್ಲೂಕು ಆಡಳಿತದ ಅನುಭವಗಳನ್ನು ‘ಕೆಲವು ನೆನಪುಗಳು’ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹಳ್ಳಿಯ ಜನರ ಮಾತನ್ನು, ಮನಸ್ಸನ್ನು ಇಷ್ಟು ಹತ್ತಿರದಿಂದ ಕಂಡ ಬರಹಗಳು ಅಧಿಕಾರಿಗಳ ಲೇಖನಿಯಿಂದ ಬಂದುದು ಆ ಸೇವೆಯ ಸ್ವಭಾವಕ್ಕೆ ಸಾಕ್ಷಿ.

ಜ್ಞಾನಕ್ಕೆ ಸಂದ ಸೇವೆ

ಸಮರ್ಥ ಆಡಳಿತವೆಂದರೆ ಕಂದಾಯ ವಸೂಲಿ ಮಾತ್ರವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಅದನ್ನೆದುರಿಸುವ ಹೊಣೆ ಹೊತ್ತವರು ಸಂಸ್ಥಾನದ ಅಧಿಕಾರಿಯಾದ ವಿ. ಪಿ. ಮಾಧವರಾಯರು, ಅವರು ಮುಂದೆ 1906ರಲ್ಲಿ ದಿವಾನರಾದರು. ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಪಿಡುಗಿನ ಕಾಲದ ಆಸುಪಾಸಿನಲ್ಲಿ.

ಜೈನ ಓದುಗರಿಗೆ ಇನ್ನೊಂದು ನಿದರ್ಶನ ಹೆಚ್ಚು ಹತ್ತಿರದ್ದು. ಶ್ರವಣಬೆಳಗೊಳದ ಶಾಸನಗಳು ಇಂದು ವಿದ್ವಾಂಸರ ಕೈಗೆ ದೊರೆಯುತ್ತಿದ್ದರೆ ಅದು ಮೈಸೂರು ಸರ್ಕಾರದ ನೌಕರರ ಪರಿಶ್ರಮದ ಫಲ. ಶಿಕ್ಷಣ ಇಲಾಖೆಯಿಂದ ಬಂದ ಬಿ. ಎಲ್. ರೈಸ್ ಅವರು 1889ರಲ್ಲಿ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಅವರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು ಬೆಟ್ಟಗಳನ್ನೂ ಊರನ್ನೂ ಮತ್ತೆ ಶೋಧಿಸಿ 500 ಶಾಸನಗಳ ಪರಿಷ್ಕೃತ ಸಂಪುಟವನ್ನು ಸಿದ್ಧಪಡಿಸಿದರು. ಅದು 1923ರಲ್ಲಿ ಹೊರಬಂದಿತು. ಅದೇ ಮಹನೀಯರ ‘ಕರ್ಣಾಟಕ ಕವಿಚರಿತೆ’ಯು ಅನೇಕ ಜೈನಕವಿಗಳ ಕಾಲದೇಶಗಳನ್ನು ನಿರ್ಧರಿಸಿಕೊಟ್ಟಿತು. ಬಂಡೆಯ ಮೇಲೆ ಬಿಸಿಲಿನಲ್ಲಿ ಕುಳಿತು ಸವೆದ ಅಕ್ಷರಗಳನ್ನು ಬಿಡಿಸಿದ ಈ ಕೆಲಸದಿಂದ ಸರ್ಕಾರಕ್ಕೆ ಒಂದು ಕಾಸಿನ ಆದಾಯವೂ ಇರಲಿಲ್ಲ. ಆದಾಯವಿಲ್ಲದ ಕರ್ತವ್ಯವನ್ನೂ ಕರ್ತವ್ಯವೆಂದು ಕಾಣುವ ಮನೋಭಾವವೇ ಸುಸಂಸ್ಕೃತ ಆಡಳಿತದ ಗುರುತು.

ಒಂದು ಕಹಿಯಾದ ಪ್ರಶ್ನೆ

ಇಷ್ಟೆಲ್ಲ ಆದರೂ ಆ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆ ಇತ್ತು. ಆರಂಭದಲ್ಲಿ ವಿವಾದ ಎದ್ದದ್ದು ಮೈಸೂರಿನವರು ಮತ್ತು ಮದ್ರಾಸಿನಿಂದ ಬಂದವರ ನಡುವೆ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಇಬ್ಬರೂ ಹೊರಗಿನಿಂದ ಬಂದ ಸಮರ್ಥರು. ಅವರ ಹಿಂದೆ ಹಲವರು ಬಂದರು. ನಾಡಿನ ಮಕ್ಕಳಿಗೆ ನಾಡಿನಲ್ಲೇ ಸ್ಥಾನವಿಲ್ಲವೆಂಬ ಅಸಮಾಧಾನ ಬೆಳೆಯಿತು. ಆದರೆ ಇದು ಮೇಲ್ಪದರದ ಜಗಳ. ಅದರ ಅಡಿಯಲ್ಲಿ ಇನ್ನೂ ಆಳವಾದ ಪ್ರಶ್ನೆ ಇತ್ತು.

ಪರೀಕ್ಷೆಯ ಬಾಗಿಲು ಎಲ್ಲರಿಗೂ ತೆರೆದಿತ್ತೆಂಬುದು ನಿಜ. ಆದರೆ ಆ ಬಾಗಿಲಿಗೆ ಬರುವ ದಾರಿ ಇಂಗ್ಲಿಷ್ ವಿದ್ಯೆ. ಇಂಗ್ಲಿಷ್ ವಿದ್ಯೆ ದೊರೆಯುತ್ತಿದ್ದದ್ದು ಕೆಲವೇ ಪಟ್ಟಣಗಳಲ್ಲಿ. ಪದವಿಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳನ್ನೇ ನೆಚ್ಚಬೇಕಾಗಿತ್ತು. ಓದುಬರಹದ ಪರಂಪರೆ ಇದ್ದ ಮನೆಗಳ ಮಕ್ಕಳು ಆ ದಾರಿಯನ್ನು ಬೇಗ ಹಿಡಿದರು. ನೇಗಿಲು, ಮಗ್ಗ, ಅಂಗಡಿಗಳನ್ನು ನಂಬಿದ ಮನೆಗಳ ಮಕ್ಕಳಿಗೆ ಅದು ದೂರದ ಮಾತಾಗಿತ್ತು. ಅಸ್ಪೃಶ್ಯರೆಂದು ಹೊರಗಿಟ್ಟವರ ಮಕ್ಕಳಿಗಂತೂ ಶಾಲೆಯ ಜಗಲಿಯೇ ನಿಷಿದ್ಧವಾಗಿದ್ದ ಊರುಗಳಿದ್ದವು. ಪರಿಣಾಮವಾಗಿ 1918ರ ವೇಳೆಗೆ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಬ್ರಾಹ್ಮಣರ ಕೈಯಲ್ಲಿತ್ತು. ಜನಸಂಖ್ಯೆಯಲ್ಲಿ ಅವರ ಪಾಲು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. ಇದು ಯಾರೊಬ್ಬರ ಸಂಚಿನ ಫಲವಲ್ಲ. ಅಸಮಾನ ಸಮಾಜದಲ್ಲಿ ಸಮಾನ ಪರೀಕ್ಷೆ ನಡೆಸಿದುದರ ಫಲ.

ಆ ವೇಳೆಗೆ ಬೇರೆ ಸಮುದಾಯಗಳಲ್ಲಿ ಎಚ್ಚರ ಮೂಡಿತ್ತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಗಿತ್ತು. ವೀರಶೈವ, ಮುಸ್ಲಿಂ ಮೊದಲಾದ ಸಮಾಜಗಳೂ ವಿದ್ಯಾಭಿವೃದ್ಧಿಗೆ ಸಂಘಗಳನ್ನು ಕಟ್ಟಿಕೊಂಡಿದ್ದವು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಅದರ ಮುಖಂಡರು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು, ಸರ್ಕಾರಿ ನೌಕರಿಯಲ್ಲಿ ಎಲ್ಲ ವರ್ಗಗಳಿಗೂ ನ್ಯಾಯವಾದ ಪಾಲು ದೊರೆಯಬೇಕೆಂದು ಬಿನ್ನವಿಸಿದರು. ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು.

ಇಬ್ಬರು ಧರ್ಮಾತ್ಮರ ನಡುವಣ ಭೇದ

ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಲ್ಲಿ ಆ ಪದವಿಗೆ ಬಂದ ಅವರು ಆಡಳಿತದಲ್ಲಿ ದಕ್ಷತೆಯನ್ನೇ ಉಸಿರಾಗಿಸಿಕೊಂಡಿದ್ದವರು. ಕಚೇರಿಗಳ ಕಾರ್ಯಕ್ರಮವನ್ನು ಪರಿಶೀಲಿಸುವ ಏರ್ಪಾಡು, ಅಂಕಿಅಂಶಗಳ ಸಂಗ್ರಹ, ಕಾಲನಿಯಮ ಇವುಗಳಲ್ಲಿ ಅವರು ರಾಜಿ ಅರಿಯದವರು. ಪದವಿ ಸ್ವೀಕರಿಸುವ ಮುನ್ನ ಬಂಧುಗಳನ್ನು ಕರೆದು, ಯಾರೂ ತಮ್ಮಿಂದ ಯಾವ ಅನುಕೂಲವನ್ನೂ ಬೇಡಬಾರದೆಂದು ಮಾತು ತೆಗೆದುಕೊಂಡರೆಂಬುದು ನಾಡಿನಲ್ಲಿ ಪ್ರಚಲಿತವಾದ ಸಂಗತಿ. ಅಂಥವರು ಮಿಲ್ಲರ್ ಸಮಿತಿಯ ನೇಮಕವನ್ನು ಒಪ್ಪಲಿಲ್ಲ. ಹಿಂದುಳಿದವರಿಗೆ ವಿದ್ಯೆಯನ್ನೂ ವಿದ್ಯಾರ್ಥಿವೇತನವನ್ನೂ ಧಾರಾಳವಾಗಿ ಕೊಡಬೇಕು. ಆದರೆ ಹುದ್ದೆಗೆ ಅರ್ಹತೆಯೇ ಮಾನದಂಡವಾಗಿರಬೇಕು, ಇಲ್ಲವಾದರೆ ಆಡಳಿತ ಸಡಿಲಗೊಂಡು ಎಲ್ಲರಿಗೂ ಹಾನಿಯಾಗುತ್ತದೆ ಎಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ಅಧಿಕಾರ ತ್ಯಜಿಸಿದರು.

ಮಹಾರಾಜರೂ ಧರ್ಮಭೀರುಗಳೇ. ಪ್ರಜೆಗಳಲ್ಲಿ ಬಹುಸಂಖ್ಯಾತರಿಗೆ ತಮ್ಮ ರಾಜ್ಯದ ಕಚೇರಿಯಲ್ಲಿ ತಮ್ಮವರೆನ್ನುವ ಒಂದು ಮುಖವೂ ಕಾಣದಿದ್ದರೆ, ಆ ಆಡಳಿತ ಎಷ್ಟು ದಕ್ಷವಾಗಿದ್ದರೂ ಪರಕೀಯವಾಗಿ ತೋರುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು. 1919ರಲ್ಲಿ ವರದಿ ಒಪ್ಪಿಸಿದ ಸಮಿತಿಯು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದೂ, ಅರ್ಹರು ದೊರೆತಲ್ಲಿ ದಲಿತವರ್ಗದವರಿಗೆ ಆದ್ಯತೆ ಇರಬೇಕೆಂದೂ ಶಿಫಾರಸು ಮಾಡಿತು. ಸರ್ಕಾರವು ಇದರ ಮುಖ್ಯಾಂಶಗಳನ್ನು 1921ರಲ್ಲಿ ಅಂಗೀಕರಿಸಿತು. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿಯೇ ಅರ್ಧದಷ್ಟು ಹುದ್ದೆಗಳನ್ನು ಹಿಂದುಳಿದವರಿಗೆ ಮೀಸಲಿಟ್ಟಿದ್ದರು. ಅವರು ಪ್ರೋತ್ಸಾಹಿಸಿದ ವಿದ್ಯಾರ್ಥಿನಿಲಯಗಳಲ್ಲಿ ಜೈನ ವಿದ್ಯಾರ್ಥಿನಿಲಯವೂ ಒಂದು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಭಾವುರಾವ್ ಪಾಟೀಲರು ಅಲ್ಲಿ ತಂಗಿ ಓದಿದವರು. ಹುದ್ದೆಯ ಮೀಸಲಿಗೂ ಅನ್ನ ಆಶ್ರಯ ಕೊಟ್ಟು ಓದಿಸುವ ನಿಲಯಕ್ಕೂ ಇರುವ ಸಂಬಂಧವನ್ನು ಈ ಉದಾಹರಣೆ ಸ್ಪಷ್ಟಪಡಿಸುತ್ತದೆ.

ಯಾರ ನಿಲುವು ಸರಿ? ಚರಿತ್ರೆಯ ಉತ್ತರ ಒಂದೇ ಪಕ್ಷಕ್ಕೆ ಸಲ್ಲುವಂಥದಲ್ಲ. ಮಿಲ್ಲರ್ ಶಿಫಾರಸಿನಿಂದ ಆಡಳಿತ ಕುಸಿಯಲಿಲ್ಲ. 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ‘ಮಾದರಿ ಸಂಸ್ಥಾನ’ವೆಂಬ ಕೀರ್ತಿಯನ್ನು ಉಳಿಸಿಕೊಂಡಿತು. ದಕ್ಷತೆ ಒಂದು ಜಾತಿಯ ಸೊತ್ತಲ್ಲವೆಂಬುದು ಇದರಿಂದ ಸಿದ್ಧವಾಯಿತು. ಇನ್ನೊಂದೆಡೆ, ಏಳು ವರ್ಷದ ಗಡುವಿನೊಳಗೆ ಗುರಿ ಕೈಗೂಡಲಿಲ್ಲ. ಮೇಲಿನ ಹುದ್ದೆಗಳಲ್ಲಿ ಬದಲಾವಣೆ ನಿಧಾನವಾಗಿ ಬಂದಿತು. ವಿದ್ಯೆಯ ತಳಹದಿ ವಿಸ್ತಾರವಾಗದೆ ಆದೇಶವೊಂದರಿಂದಲೇ ಅಧಿಕಾರಿಗಳು ಸಿದ್ಧರಾಗರೆಂಬ ವಿಶ್ವೇಶ್ವರಯ್ಯನವರ ಮಾತಿನಲ್ಲಿಯೂ ಸತ್ಯವಿತ್ತು. ವಿಪರ್ಯಾಸವೆಂದರೆ, 1916ರಲ್ಲಿ ಅವರೇ ಮುಂದೆ ನಿಂತು ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾನಿಲಯವೇ ಮಿಲ್ಲರ್ ಸಮಿತಿಯ ಆಶಯ ಕಾಲಕ್ರಮದಲ್ಲಿ ಫಲಿಸಲು ದಾರಿಯಾಯಿತು. ಒಬ್ಬರು ಏಣಿಯನ್ನು ನಿಲ್ಲಿಸಿದರು. ಮತ್ತೊಬ್ಬರು ಏಣಿಯ ಮೇಲಿನ ಬಾಗಿಲನ್ನು ತೆರೆಸಿದರು. ಎರಡರಲ್ಲಿ ಒಂದಿಲ್ಲದಿದ್ದರೂ ಹತ್ತಿದವನಿಗೆ ಪ್ರಯೋಜನವಿರುತ್ತಿರಲಿಲ್ಲ.

ಆದರೆ ಒಂದು ದೋಷವೂ ಈ ಕಾಲದಿಂದ ಬೇರುಬಿಟ್ಟಿತು. ಅಧಿಕಾರಿಯನ್ನು ಅವನ ಕೆಲಸದಿಂದ ಅಳೆಯುವ ಬದಲು, ಅವನು ಯಾರ ಪೈಕಿ ಎಂದು ಕೇಳುವ ಅಭ್ಯಾಸವದು. ಪ್ರಾತಿನಿಧ್ಯದ ಉದ್ದೇಶ ಕಚೇರಿಯ ಬಾಗಿಲನ್ನು ಎಲ್ಲರಿಗೂ ತೆರೆಯುವುದು. ಒಳಗೆ ಬಂದವನು ತನ್ನವರಿಗೆ ಮಾತ್ರ ಬಾಗಿಲು ತೆರೆಯಲೆಂದಲ್ಲ. ಬಾಗಿಲು ದಾಟಿದ ಮೇಲೆ ಅಧಿಕಾರಿಗೆ ಕುಲವಿಲ್ಲ, ಬಂಧುಗಳಿಲ್ಲ. ಎದುರಿಗೆ ನಿಂತ ಪ್ರಜೆಯೊಬ್ಬನೇ ಇದ್ದಾನೆ.

ಪರಂಪರೆಯ ಉಳಿವು

1947ರ ನಂತರ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1951ರಲ್ಲಿ ಲೋಕಸೇವಾ ಆಯೋಗ ಸ್ಥಾಪನೆಯಾಗಿ ನೇಮಕದ ಹೊಣೆ ಅದಕ್ಕೆ ಬಂದಿತು. 1956ರ ನವೆಂಬರ್ 1ರಂದು ವಿಶಾಲ ರಾಜ್ಯ ಉದಯಿಸಿದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಈ ಐದು ಆಡಳಿತಗಳ ನೌಕರರನ್ನು ಒಂದೇ ಪಟ್ಟಿಗೆ ತರಬೇಕಾಯಿತು. ಒಂದೊಂದು ಕಡೆ ಒಂದೊಂದು ಹುದ್ದೆಯ ಹೆಸರು, ಒಂದೊಂದು ಸಂಬಳ, ಒಂದೊಂದು ಕಚೇರಿ ಭಾಷೆ. ಜ್ಯೇಷ್ಠತೆಯ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ನಕ್ಷೆಯ ಮೇಲೆ ನಾಡುಗಳನ್ನು ಕೂಡಿಸುವುದಕ್ಕಿಂತ ಕಡತಗಳಲ್ಲಿ ಕೂಡಿಸುವುದು ಕಠಿಣವೆಂಬುದು ಆಗ ಅರಿವಿಗೆ ಬಂದಿತು. ಲಂಚ, ಅಧಿಕಾರ ದುರುಪಯೋಗಗಳ ದೂರುಗಳನ್ನು ವಿಚಾರಿಸಲು 1984ರಲ್ಲಿ ಲೋಕಾಯುಕ್ತ ಶಾಸನವನ್ನು ತರಬೇಕಾಯಿತೆಂಬುದು, ಹಿಂದಿನ ಅಂಕುಶಗಳು ಸವೆದಿದ್ದವೆಂಬುದರ ಸೂಚನೆ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಸಮರ್ಥ ಅಧಿಕಾರಿವರ್ಗಕ್ಕೆ ನಾಲ್ಕು ಕಂಬಗಳು ಬೇಕು: ಶಿಫಾರಸಿಗೆ ಎಡೆಯಿಲ್ಲದ ಆಯ್ಕೆ, ಜನರ ನಡುವೆ ನಡೆಯುವ ತರಬೇತಿ, ಬಹಿರಂಗವಾಗಿ ಲೆಕ್ಕ ಒಪ್ಪಿಸುವ ಕರ್ತವ್ಯ, ಎಲ್ಲ ವರ್ಗಗಳೂ ಒಳಬರಬಲ್ಲ ಅವಕಾಶ. ಮೈಸೂರು ಮೊದಲ ಮೂರನ್ನು ಬೇಗ ನಿಲ್ಲಿಸಿತು. ನಾಲ್ಕನೆಯದನ್ನು ತಡವಾಗಿ, ನೋವಿನಿಂದ ಕಲಿಯಿತು.

ಸರ್ಕಾರಕ್ಕೆ ಅನ್ವಯಿಸುವ ಈ ಮಾತು ದೇವಾಲಯದ ಟ್ರಸ್ಟು, ವಿದ್ಯಾಸಂಸ್ಥೆ, ಛತ್ರ, ವಿದ್ಯಾರ್ಥಿನಿಲಯಗಳಿಗೂ ಅನ್ವಯಿಸುತ್ತದೆ. ಅಲ್ಲಿಯೂ ಹಣ ಪರರದು, ಅಧಿಕಾರ ತಾತ್ಕಾಲಿಕ, ನೇಮಕದಲ್ಲಿ ಬಂಧುಪ್ರೇಮದ ಸೆಳೆತ ನಿತ್ಯದ್ದು. ಗುಮಾಸ್ತನೊಬ್ಬನನ್ನು ನೇಮಿಸುವಾಗ ಅರ್ಹತೆಯನ್ನು ನೋಡಲಾಯಿತೇ, ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದಲಾಯಿತೇ, ಬಡ ಮನೆಯ ಹುಡುಗನಿಗೂ ಬಾಗಿಲು ತೆರೆದಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಆಡಳಿತ ಮಂಡಳಿಯೂ ವರ್ಷಕ್ಕೊಮ್ಮೆ ತನಗೆ ತಾನೇ ಕೇಳಿಕೊಳ್ಳುವುದು ಉಚಿತ. ರಾಜ್ಯವನ್ನು ತಿದ್ದುವ ಶಕ್ತಿ ಎಲ್ಲರಿಗೂ ಇಲ್ಲದಿರಬಹುದು. ತಮ್ಮ ಕೈಯಲ್ಲಿರುವ ಒಂದು ಕೀಲಿಕೈಯನ್ನು ಧರ್ಮದಿಂದ ಬಳಸುವ ಶಕ್ತಿ ಎಲ್ಲರಿಗೂ ಇದೆ.